ಕ್ಯಾಪ್ಟನ್, ಅಡುಗೆಯವರ ಸಮೇತ ಹಾಯಿದೋಣಿ ರಜೆ: ನಾವು ಸೇಶೆಲ್ಸ್‌ಗೆ ಹೋಗಿ ಬಂದೆವು, ನಿಮ್ಮ ಅನುಭವವೂ ಬರೆಯಿರಿ

ಬಸವನಗುಡಿ_ಪರಿಷೆ

ಎಲ್ಲರಿಗೂ ನಮಸ್ಕಾರ. ದೊಡ್ಡ ಕ್ರೂಸ್ ಹಡಗುಗಳ ಬಗ್ಗೆ ಇಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಒಂದು ಹಾಯಿದೋಣಿಯನ್ನೇ ಸಿಬ್ಬಂದಿ ಸಮೇತ ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಹೋಗುವ ರಜೆ ಬಗ್ಗೆ ಕನ್ನಡದಲ್ಲಿ ನನಗೆ ಏನೂ ಸಿಗಲಿಲ್ಲ. ಈ ಏಪ್ರಿಲ್‌ನಲ್ಲಿ ನಾವು ಹಿಂದೂ ಮಹಾಸಾಗರದ ದ್ವೀಪ ದೇಶ ಸೇಶೆಲ್ಸ್‌ಗೆ ಹೋಗಿ ಬಂದೆವು. ನಾನು, ಯಜಮಾನರು, ಅತ್ತೆ, ಮಾವ, ತಂಗಿ, ಅವಳ ಗಂಡ, ಮಕ್ಕಳು. ಅತ್ತೆ ಮಾವ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ನಮ್ಮಲ್ಲಿ ಯಾರಿಗೂ ಸಮುದ್ರದಲ್ಲಿ ಈಜಿ ಅಭ್ಯಾಸ ಇಲ್ಲ. ನಮ್ಮಂಥ ಮನೆಯವರಿಗೆ ಇದು ಆಗುತ್ತಾ ಎಂದು ಕೇಳುವವರಿಗಾಗಿ ಬರೆಯುತ್ತಿದ್ದೇನೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ದೋಣಿಯ ಫೋಟೋ ನೋಡಿ ಬುಕ್ ಮಾಡಬೇಡಿ. ದೋಣಿಯಲ್ಲಿ ಯಾರು ಇರುತ್ತಾರೆ ಎಂದು ಕೇಳಿ, ಅವರ ಜೊತೆ ಮಾತಾಡಿ, ಆಮೇಲೆ ಬುಕ್ ಮಾಡಿ. ಫೋಟೋದಲ್ಲಿ ಎಲ್ಲಾ ದೋಣಿಯೂ ಬೆಳ್ಳಗೆ, ಎಲ್ಲಾ ಸಮುದ್ರವೂ ನೀಲಿ. ವ್ಯತ್ಯಾಸ ಆಗುವುದು ಜನರಿಂದ.

ನಾವು ಕಂಪನಿಯವರನ್ನು ಪಟ್ಟು ಹಿಡಿದು ಕೇಳಿದೆವು, ಹೋಗುವ ಮುಂಚೆ ಅಡುಗೆಯವರ ಜೊತೆ ವಿಡಿಯೋ ಕಾಲ್ ಬೇಕು ಅಂತ. ಅವರು ಸೇಶೆಲ್ಸ್‌ನವರೇ, ನಡುವಯಸ್ಸಿನ ಹೆಂಗಸು. ಕಂಪನಿ ಕಳಿಸಿದ್ದ ಊಟದ ಫಾರಂನಲ್ಲಿ "ಸಸ್ಯಾಹಾರಿ" ಎಂದು ಟಿಕ್ ಹಾಕುವ ಒಂದೇ ಜಾಗ ಇತ್ತು. ಆಕೆ ಅದನ್ನು ಬದಿಗಿಟ್ಟು ಒಂದೊಂದೇ ಕೇಳಿದರು. ಮೀನು ಕರಿದ ಬಾಣಲೆ ತೊಳೆದರೆ ಆಗುತ್ತಾ, ಬೇರೆಯೇ ಬೇಕಾ? ಮೊಟ್ಟೆ ಹಾಕಿದ ಕೇಕ್ ನಡೆಯುತ್ತಾ? ಬೆಳಿಗ್ಗೆ ಎದ್ದ ತಕ್ಷಣ ಏನು ಕುಡಿಯುತ್ತಾರೆ? ಹೋದಾಗ ಅತ್ತೆಗೆ ಅಂತ ಒಂದು ಬಾಣಲೆ, ಒಂದು ಸೌಟು ಬೇರೆ ಇಟ್ಟಿದ್ದರು. ಹಿಡಿಗೆ ಹಸಿರು ದಾರ ಕಟ್ಟಿದ್ದರು. ಅತ್ತೆ ಅದನ್ನು ನೋಡಿದ ಮೇಲೆ ನಾನು ಊಟದ ಬಗ್ಗೆ ತಲೆ ಕೆಡಿಸಿಕೊಳ್ಳಲೇ ಇಲ್ಲ. ಅಲ್ಲಿಯ ಊಟದಲ್ಲಿ ಅನ್ನ, ಬೇಳೆ, ತೆಂಗಿನಕಾಯಿ, ಪಪ್ಪಾಯಿ ಕಾಯಿ ಚಟ್ನಿ ಎಲ್ಲಾ ಇದೆ. ಬಾಳೆಹಣ್ಣನ್ನು ತೆಂಗಿನ ಹಾಲಲ್ಲಿ, ಜಾಯಿಕಾಯಿ, ವೆನಿಲಾ ಹಾಕಿ ಬೇಯಿಸುತ್ತಾರೆ. ಲದೋಬ್ ಅಂತ ಹೆಸರು. ಮಾವ ದಿನಾ ಕೇಳಿ ಹಾಕಿಸಿಕೊಂಡರು.

ಯಾಕೆ ಸೇಶೆಲ್ಸ್ ಅಂದರೆ, ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಡ. ಮುಂಚೆಯೇ ಆನ್‌ಲೈನ್‌ನಲ್ಲಿ ಪ್ರಯಾಣದ ಅನುಮತಿ ತೆಗೆದುಕೊಳ್ಳಬೇಕು, ಅಷ್ಟೇ. ನಮಗಿಂತ ಒಂದೂವರೆ ಗಂಟೆ ಹಿಂದೆ ಇರುವ ಊರು, ಹಾಗಾಗಿ ನಿದ್ದೆಯೂ ಕೆಡಲಿಲ್ಲ. ಭೂಮಧ್ಯರೇಖೆಗೆ ತುಂಬಾ ಹತ್ತಿರ, 4 ಡಿಗ್ರಿ ದಕ್ಷಿಣದಲ್ಲಿದೆ. ಮುಖ್ಯ ದ್ವೀಪಗಳು ಚಂಡಮಾರುತದ ದಾರಿಯಿಂದ ಹೊರಗಿವೆ. ಮೇಯಿಂದ ಸೆಪ್ಟೆಂಬರ್ ತನಕ ಆಗ್ನೇಯದ ಗಾಳಿ ಜೋರು. ಡಿಸೆಂಬರ್‌ನಿಂದ ಮಾರ್ಚ್ ವಾಯವ್ಯದ ಗಾಳಿ, ಮಳೆ ಜಾಸ್ತಿ. ನಡುವೆ ಏಪ್ರಿಲ್, ಮತ್ತೆ ಅಕ್ಟೋಬರ್ ಕೊನೆಯಿಂದ ನವೆಂಬರ್, ಸಮುದ್ರ ಸ್ವಲ್ಪ ಶಾಂತ.

ನಮ್ಮದು ಕ್ಯಾಟಮರಾನ್. ಪಕ್ಕ ಪಕ್ಕ ಎರಡು ಒಡಲು, ಮೇಲೆ ಒಂದೇ ಅಟ್ಟಣೆ. ಗಾಳಿ ಬಂದಾಗ ಒಂದು ಕಡೆಗೆ ಅಷ್ಟಾಗಿ ವಾಲುವುದಿಲ್ಲ. ಮುಂದುಗಡೆ ಎರಡು ಒಡಲಿನ ನಡುವೆ ಬಲೆ ಕಟ್ಟಿರುತ್ತಾರೆ, ಮಕ್ಕಳು ಅಲ್ಲೇ ಬಿದ್ದುಕೊಂಡಿದ್ದರು. ಮಾಹೆ ದ್ವೀಪದಿಂದ ಹೊರಟು ಸೇಂಟ್ ಆನ್ ಕಡಲ ಉದ್ಯಾನ, ಅಲ್ಲಿಂದ ಪ್ರಾಲೀನ್, ಕ್ಯೂರಿಯಸ್, ಲಾ ಡೀಗ್, ವಾಪಸ್ ಮಾಹೆ. ಮಾಹೆಯಿಂದ ಪ್ರಾಲೀನ್ ಸುಮಾರು 45 ಕಿಲೋಮೀಟರ್. ಉದ್ದದ ಪಯಣ ಅಂದರೆ ಅದೊಂದೇ. ಉಳಿದದ್ದೆಲ್ಲಾ ಹತ್ತಿರ ಹತ್ತಿರ.

ಪ್ರಶ್ನೆ ಇದ್ದರೆ ಕೇಳಿ. ಬೇರೆ ಕಡೆ ಹೋದವರು ದಯವಿಟ್ಟು ಬರೆಯಿರಿ.

ಫಿಲ್ಟರ್_ಕಾಫಿ

ಮೇಡಂ, ತುಂಬಾ ಉಪಯೋಗ ಆಯಿತು. ಒಂದೇ ಪ್ರಶ್ನೆ. ನಮ್ಮ ಅಮ್ಮನಿಗೆ ಮಂಡಿ ನೋವು. ಮೆಟ್ಟಿಲು ಹತ್ತುವುದೇ ಕಷ್ಟ. ನಿಮ್ಮ ಅತ್ತೆ ಮಾವ ದೋಣಿ ಹತ್ತಿ ಇಳಿದಿದ್ದು ಹೇಗೆ?

ಬಸವನಗುಡಿ_ಪರಿಷೆ

ಇದನ್ನು ಬಿಡಿಸಿ ಹೇಳಲೇಬೇಕು. ದೊಡ್ಡ ದೋಣಿಯನ್ನು ದಡಕ್ಕೆ ತರುವುದಿಲ್ಲ. ಸ್ವಲ್ಪ ದೂರದಲ್ಲಿ ಲಂಗರು ಹಾಕುತ್ತಾರೆ. ಅಲ್ಲಿಂದ ಡಿಂಗಿ ಅಂತ ಗಾಳಿ ತುಂಬಿದ ಸಣ್ಣ ಮೋಟಾರು ದೋಣಿ. ಕ್ಯಾಟಮರಾನ್‌ನ ಹಿಂದೆ ನೀರಿನ ಮಟ್ಟದ ತನಕ ಮೆಟ್ಟಿಲು ಇರುತ್ತದೆ. ಡಿಂಗಿಗೆ ಕಾಲಿಡುವುದು ಪರವಾಗಿಲ್ಲ, ಇಬ್ಬರು ಕೈ ಹಿಡಿದರೆ ಆಗುತ್ತದೆ. ಕಷ್ಟ ಇರುವುದು ದಡದಲ್ಲಿ. ಜೆಟ್ಟಿ, ಅಂದರೆ ದೋಣಿ ನಿಲ್ಲಿಸುವ ಕಟ್ಟೆ, ಇಲ್ಲದ ಕಡೆ ಮೊಣಕಾಲು ನೀರಿಗೆ ಇಳಿಯಬೇಕು, ಹಿಂದಿನಿಂದ ತೆರೆ ಬರುತ್ತಿರುತ್ತದೆ.

ನಮ್ಮ ಕ್ಯಾಪ್ಟನ್ ಮೊದಲ ದಿನ ಅತ್ತೆ ನಡೆಯುವುದನ್ನು ಸುಮ್ನೆ ನೋಡುತ್ತಿದ್ದರು. ಆಮೇಲೆ ನನ್ನನ್ನು ಕರೆದು, "ಅಮ್ಮನವರನ್ನು ಜೆಟ್ಟಿ ಇರುವ ಕಡೆ ಮಾತ್ರ ಇಳಿಸುತ್ತೇನೆ, ಉಳಿದ ಕಡೆ ಅವರು ನನ್ನ ಜೊತೆ ದೋಣಿಯಲ್ಲೇ ಇರಲಿ" ಅಂದರು. ಅತ್ತೆಗೆ ಅದೇ ಇಷ್ಟ ಆಯಿತು. ನಾವು ದಡದಲ್ಲಿ ಇದ್ದಾಗ ಅವರು ಅಡುಗೆಯಾಕೆಯ ಜೊತೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಆಕೆಗೆ ಕನ್ನಡ ಬರದು, ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು.

ನಿಮ್ಮ ಅಮ್ಮನ ವಿಷಯ ಬುಕ್ ಮಾಡುವ ಮುಂಚೆಯೇ ಹೇಳಿ. ಕೋಣೆಗೆ ಇಳಿಯಲು ನಾಲ್ಕೈದು ಕಡಿದಾದ ಮೆಟ್ಟಿಲು ಇರುತ್ತದೆ. ಹಿಡಿದುಕೊಳ್ಳಲು ಕಂಬಿ ಇರುವ ದೋಣಿ ಕೇಳಿ. ಹಾಸಿಗೆ ಎಷ್ಟು ಎತ್ತರ ಎಂದೂ ಕೇಳಿ. ಕೆಲವು ದೋಣಿಯಲ್ಲಿ ಹಾಸಿಗೆ ಸೊಂಟದ ಮಟ್ಟಕ್ಕಿಂತ ಮೇಲಿರುತ್ತದೆ, ಹತ್ತಿ ಮಲಗಬೇಕು.

ಜಯನಗರದ_ಡಾಕ್ಟರಮ್ಮ

ವಾಂತಿ, ತಲೆಸುತ್ತಿನ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಒಳಕಿವಿ "ಅಲುಗಾಡುತ್ತಿದ್ದೇವೆ" ಅನ್ನುತ್ತದೆ. ಕೋಣೆಯೊಳಗೆ ಕೂತ ಕಣ್ಣು "ಇಲ್ಲ, ಎಲ್ಲಾ ಸ್ಥಿರವಾಗಿದೆ" ಅನ್ನುತ್ತದೆ. ಈ ಎರಡರ ಜಗಳಕ್ಕೇ ಹೊಟ್ಟೆ ತೊಳಸುವುದು. ಹಾಗಾಗಿ ದೋಣಿ ಓಡುವಾಗ ಕೆಳಗೆ ಕೋಣೆಯಲ್ಲಿ ಇರಬೇಡಿ. ಹೊರಗೆ ಬನ್ನಿ, ದೋಣಿಯ ಹಿಂಭಾಗದಲ್ಲಿ ಅಥವಾ ನಡುವೆ ಕೂರಿ, ದಿಗಂತ ನೋಡಿ. ಮೊಬೈಲ್ ಬೇಡ. ಹೊಟ್ಟೆ ಖಾಲಿ ಇರಬಾರದು, ತುಂಬಿಯೂ ಇರಬಾರದು. ಒಣ ಬಿಸ್ಕತ್ತು, ಶುಂಠಿ ಒಳ್ಳೆಯದು.

ಮಾತ್ರೆ ವಾಂತಿ ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನ ಇಲ್ಲ. ಹೊರಡುವ ಒಂದೆರಡು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಸಿನ್ನರಿಝಿನ್, ಪ್ರೊಮೆಥಝಿನ್ ಇಂಥವು ನಮ್ಮಲ್ಲಿ ಸಾಮಾನ್ಯ. ಆದರೆ ನಿದ್ದೆ ಬರಿಸುತ್ತವೆ. ವಯಸ್ಸಾದವರಿಗೆ ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದರೆ ತಮ್ಮ ಡಾಕ್ಟರನ್ನು ಕೇಳದೆ ಕೊಡಲೇಬೇಡಿ. ಮಕ್ಕಳಿಗೂ ಅಷ್ಟೇ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಮೈ ಒಗ್ಗಿಕೊಳ್ಳುತ್ತದೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮನೆಯ ನೆಲ ತೂಗಿದಂತೆ ಅನಿಸಬಹುದು. ಹೆದರಬೇಡಿ, ಸಾಮಾನ್ಯವಾಗಿ ಬೇಗ ಹೋಗುತ್ತದೆ.

ಬಿಸಿಲು ಅದಕ್ಕಿಂತ ದೊಡ್ಡ ವಿಷಯ. ಗಾಳಿ ಬೀಸುತ್ತಿರುವುದರಿಂದ ಸುಡುವುದು ಗೊತ್ತೇ ಆಗುವುದಿಲ್ಲ. ನೀರಿನಿಂದ ತಿರುಗಿ ಬರುವ ಬೆಳಕು ಬೇರೆ. ತುಂಬು ತೋಳಿನ ಈಜು ಅಂಗಿ ತೆಗೆದುಕೊಳ್ಳಿ. ಕ್ರೀಮು ಕಡಿಮೆ ಸಾಕಾಗುತ್ತದೆ, ಹವಳಕ್ಕೂ ಒಳ್ಳೆಯದು.

ಹಲಸೂರು_ಕೆರೆ

ನಾವು ಗ್ರೀಸ್‌ಗೆ ಹೋಗಿದ್ದೆವು, ಆಗಸ್ಟ್‌ನಲ್ಲಿ. ಮಕ್ಕಳ ಓದು ಮುಗಿದು ಎಲ್ಲರಿಗೂ ರಜೆ ಸಿಕ್ಕಿದ್ದು ಆಗಲೇ. ಪರಿಷೆ ಮೇಡಂ ಹೇಳಿದ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಅದರ ಜೊತೆಗೆ ಇನ್ನೊಂದು: ದಾರಿಯನ್ನು ನೀವು ನಿರ್ಧರಿಸುವುದಿಲ್ಲ, ಗಾಳಿ ನಿರ್ಧರಿಸುತ್ತದೆ. ಇದನ್ನು ಮನೆಯಲ್ಲಿ ಎಲ್ಲರಿಗೂ ಮುಂಚೆಯೇ ಹೇಳಿ ಒಪ್ಪಿಸಿ.

ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದಲ್ಲಿ ಉತ್ತರದಿಂದ ಮೆಲ್ಟೆಮಿ ಅಂತ ಗಾಳಿ ಬೀಸುತ್ತದೆ. ಆಕಾಶ ಶುಭ್ರ, ಬಿಸಿಲು ಚೆನ್ನಾಗಿದೆ, ಆದರೆ ಗಾಳಿ ನಿಲ್ಲುವುದಿಲ್ಲ. ಎಷ್ಟೋ ಸಲ ಬ್ಯೂಫರ್ಟ್ ಎಂಬ ಗಾಳಿಯ ಅಳತೆಯಲ್ಲಿ 7 ಮುಟ್ಟುತ್ತದೆ. ಅಂದರೆ ಗಂಟೆಗೆ 50ರಿಂದ 60 ಕಿಲೋಮೀಟರ್ ವೇಗ. ನಮ್ಮ ಪಟ್ಟಿಯಲ್ಲಿ ಮಿಕೊನೋಸ್, ಪಾರೋಸ್, ಸ್ಯಾಂಟೊರಿನಿ ಎಲ್ಲಾ ಇತ್ತು. ಅಥೆನ್ಸ್ ಹತ್ತಿರದ ಮರೀನಾದಲ್ಲಿ (ದೋಣಿ ನಿಲ್ದಾಣ) ಕ್ಯಾಪ್ಟನ್ ನಕ್ಷೆ ಹರವಿ ಕೂತರು. "ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ಆದರೆ ವಾಪಸ್ ಬರುವಾಗ ಗಾಳಿಗೆ ಎದುರಾಗಿ ಬರಬೇಕು, ಮಕ್ಕಳು ಪೂರ್ತಿ ದಿನ ವಾಂತಿ ಮಾಡುತ್ತಾರೆ" ಎಂದು ನೇರವಾಗಿ ಹೇಳಿದರು. ಬದಲಿಗೆ ಸರೋನಿಕ್ ಕೊಲ್ಲಿಗೆ ಹೋದೆವು. ಎಜೀನಾ, ಪೋರೋಸ್, ಹೈಡ್ರಾ. ಅಲ್ಲಿ ನೆಲದ ಮರೆ ಇದೆ. ಹೈಡ್ರಾದಲ್ಲಿ ಕಾರು, ಬೈಕು ಓಡಿಸುವಂತಿಲ್ಲ. ಸಾಮಾನು ಹೊರುವುದಕ್ಕೂ ಹೇಸರಗತ್ತೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನಾ ನಿಲ್ಲುವ ನನಗೆ ಆ ಊರಿನಲ್ಲಿ ಕಾಲು ಎತ್ತಲು ಮನಸ್ಸೇ ಬರಲಿಲ್ಲ.

ಜೊತೆಗಿದ್ದ ನನ್ನ ಭಾವನಿಗೆ ಮಾತ್ರ ಕೊನೇ ತನಕ ಬೇಜಾರು. ಸ್ಯಾಂಟೊರಿನಿ ತೋರಿಸುತ್ತೇವೆ ಎಂದು ಹೇಳಿ ದುಡ್ಡು ತೆಗೆದುಕೊಂಡರು ಎಂಬ ಸಿಟ್ಟು. ಬುಕ್ ಮಾಡಿಕೊಟ್ಟ ಏಜೆಂಟ್ "ದಾರಿ ಪಕ್ಕಾ" ಎಂದು ಹೇಳಿದ್ದು ತಪ್ಪು ಅಂತ ನನಗೂ ಅನಿಸುತ್ತದೆ. ಯಾವ ಒಳ್ಳೆಯ ಕ್ಯಾಪ್ಟನ್ನೂ ಹಾಗೆ ಮಾತು ಕೊಡುವುದಿಲ್ಲ.

ಫಿಲ್ಟರ್ ಕಾಫಿಯವರಿಗೆ ಒಂದು ಮಾತು. ಗ್ರೀಸ್‌ನ ಊರುಗಳಲ್ಲಿ ದೋಣಿಯ ಹಿಂಭಾಗವನ್ನು ಕಟ್ಟೆಗೆ ಕಟ್ಟಿ, ನಡುವೆ ಒಂದು ಕಿರಿದಾದ ಹಲಗೆ ಇಡುತ್ತಾರೆ. ಅದರ ಮೇಲೆ ನಡೆದು ಇಳಿಯಬೇಕು. ಕೆಳಗೆ ನೀರು. ಮಂಡಿ ನೋವು ಇರುವವರಿಗೆ ನನ್ನ ಪ್ರಕಾರ ಅದು ಡಿಂಗಿಗಿಂತ ಕಷ್ಟ. ಸಸ್ಯಾಹಾರಿಗಳಿಗೆ ಮಾತ್ರ ಗ್ರೀಸ್ ಚೆನ್ನಾಗಿದೆ. ಅಲ್ಲಿಯವರು ಉಪವಾಸದ ದಿನಗಳಲ್ಲಿ ಮಾಂಸ, ಹಾಲು ಬಿಡುತ್ತಾರೆ. ಹಾಗಾಗಿ ಕಾಳು, ಅನ್ನ ತುಂಬಿದ ಟೊಮೆಟೊ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಎಲ್ಲಾ ಸಿಗುತ್ತದೆ.

ಬಸವನಗುಡಿ_ಪರಿಷೆ

ಹಲಸೂರು ಕೆರೆ ಸರ್, ನಮಗೂ ಹಾಗೇ ಆಯಿತು. ಪ್ರಾಲೀನ್‌ನ ಆನ್ಸ್ ಲಾಝಿಯೋ ಬೀಚ್ ನೋಡಬೇಕು ಎಂದು ತಂಗಿ ವರ್ಷದಿಂದ ಹೇಳುತ್ತಿದ್ದಳು. ಅವತ್ತು ವಾಯವ್ಯದಿಂದ ತೆರೆ ನೇರವಾಗಿ ಆ ಕಡೆಗೇ ಬರುತ್ತಿತ್ತು. ಕ್ಯಾಪ್ಟನ್ ದೂರದಿಂದ ನೋಡಿ, ದೋಣಿ ತಿರುಗಿಸಿ ಕ್ಯೂರಿಯಸ್ ದ್ವೀಪದ ಮರೆಗೆ ಹೋದರು. ತಂಗಿ ಮುಖ ಸಪ್ಪೆ ಮಾಡಿಕೊಂಡಳು. ಅವರು ಬಂದು ಅವಳ ಹತ್ತಿರ ಕೂತು ಯಾಕೆ ಬೇಡ ಎಂದು ತೆರೆ ತೋರಿಸಿ ವಿವರಿಸಿದರು. ಎರಡು ದಿನ ಆದ ಮೇಲೆ ಬೆಳಿಗ್ಗೆ ಬೇಗ ನಮ್ಮನ್ನೆಲ್ಲಾ ಎಬ್ಬಿಸಿ, ಜನ ಬರುವ ಮುಂಚೆ ಅಲ್ಲಿಗೇ ಕರೆದುಕೊಂಡು ಹೋದರು. ಹೀಗೆ ಕಾರಣ ಹೇಳುವವರು, ನೆನಪಿಟ್ಟುಕೊಳ್ಳುವವರು ಸಿಗಬೇಕು. ಅದಕ್ಕೇ ನಾನು ಮೊದಲು ಮಾತಾಡಿಸಿ ಎನ್ನುವುದು.

ಸಂಜೆ_ಮಳೆ

ಎಲ್ಲರದೂ ಒಳ್ಳೆಯ ಅನುಭವ. ನಮ್ಮದು ಹಾಗಲ್ಲ. ಥಾಯ್ಲೆಂಡಿನ ಫುಕೆಟ್‌ನಿಂದ ಫಾಂಗ್ ನ್ಗಾ ಕೊಲ್ಲಿಗೆ. ಪೂರ್ತಿ ದೋಣಿ ಹಿಡಿಯುವಷ್ಟು ದುಡ್ಡು ಇರಲಿಲ್ಲ, ನಾವಿಬ್ಬರೇ ಗಂಡ ಹೆಂಡತಿ. ಒಂದು ಕೋಣೆ ಮಾತ್ರ ಬುಕ್ ಮಾಡಿದೆವು. ಉಳಿದ ಕೋಣೆಗಳಲ್ಲಿ ಬೇರೆಯವರು. ಅವರು ರಾತ್ರಿ ಎರಡರ ತನಕ ಕುಡಿಯುತ್ತಾ ಹಾಡು ಹಾಕಿಕೊಂಡು ಕೂತಿರುತ್ತಿದ್ದರು. ಗೋಡೆ ತೆಳು. ಎಲ್ಲಾ ಕೇಳುತ್ತದೆ. ಬುಕ್ ಮಾಡುವಾಗ ಎಸಿ ಇದೆ ಎಂದಿದ್ದರು. ಇದೆ, ಆದರೆ ಜನರೇಟರ್ ಓಡಿದಾಗ ಮಾತ್ರ. ರಾತ್ರಿ ಹತ್ತಕ್ಕೆ ಜನರೇಟರ್ ಬಂದ್. ಕಿಟಕಿ ತೆಗೆದರೆ ಮಳೆ ಒಳಗೆ. ಕಯಾಕ್ (ಹುಟ್ಟು ಹಾಕುವ ಪುಟ್ಟ ದೋಣಿ) ಉಚಿತ ಎಂದಿದ್ದರು, ಅಲ್ಲಿ ಹೋದ ಮೇಲೆ ಬೇರೆ ದುಡ್ಡು ಕೇಳಿದರು. ಕಂಪನಿಗೆ ಬರೆದೆ. ಉತ್ತರ ಬಂತು, ಹಣ ಬರಲಿಲ್ಲ.

ಜಾಗ ಮಾತ್ರ ಅದ್ಭುತ. ಸುಣ್ಣದ ಕಲ್ಲಿನ ಬೆಟ್ಟಗಳು ನೀರಿನಿಂದ ನೆಟ್ಟಗೆ ಎದ್ದಿವೆ. ಅವುಗಳ ಒಳಗೆ ಪೊಳ್ಳು. ಉಬ್ಬರ ಇಳಿತ ನೋಡಿ ಸರಿಯಾದ ಹೊತ್ತಿಗೆ ಹೋದರೆ ಗುಹೆಯೊಳಗಿಂದ ಕಯಾಕ್ ನುಗ್ಗಿಸಿ, ನಡುವಿನ ಬಯಲು ಕೊಳಕ್ಕೆ ತಲುಪಬಹುದು. ನೀರು ಜಾಸ್ತಿ ಆದರೆ ಗುಹೆಯ ಬಾಯಿಯೇ ಮುಚ್ಚಿಹೋಗುತ್ತದೆ. ನಮ್ಮನ್ನು ಕರೆದುಕೊಂಡು ಹೋದ ಹುಡುಗನಿಗೆ ಇಪ್ಪತ್ತು ಇಪ್ಪತ್ತೆರಡು ಇರಬೇಕು. ಗಡಿಯಾರ ನೋಡಲಿಲ್ಲ, ಬಂಡೆಯ ಮೇಲಿನ ಒದ್ದೆ ಗೆರೆ ನೋಡಿ "ಈಗ ಬನ್ನಿ, ಈಗ ಹೊರಡಿ" ಅನ್ನುತ್ತಿದ್ದ. ಅವನೊಬ್ಬನಿಂದ ಆ ಪ್ರವಾಸ ಉಳಿಯಿತು.

ರಾಜಾಜಿನಗರ_ಲೆಕ್ಕಿಗ

ದುಡ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂಜೆ ಮಳೆಯವರಿಗೆ ಆದಂತೆ ಇನ್ನೊಬ್ಬರಿಗೆ ಆಗಬಾರದು.

ಬಾಡಿಗೆ ಎರಡು ಥರ. ಒಂದು, ಎಲ್ಲಾ ಸೇರಿಸಿ ಒಂದೇ ದರ. ಕೆರಿಬಿಯನ್ ಕಡೆ ಸಿಬ್ಬಂದಿ ಇರುವ ಚಿಕ್ಕ ದೋಣಿಗಳಲ್ಲಿ ಇದೇ ಹೆಚ್ಚು. ಇನ್ನೊಂದು, ದೋಣಿ ಮತ್ತು ಸಿಬ್ಬಂದಿಯ ದರ ಬೇರೆ, ಖರ್ಚು ಬೇರೆ. ಯುರೋಪ್ ಕಡೆ ದೊಡ್ಡ ದೋಣಿಗಳಲ್ಲಿ ಬಾಡಿಗೆಯ ಶೇಕಡಾ 25ರಿಂದ 35ರಷ್ಟು ಹಣವನ್ನು ಮುಂಗಡವಾಗಿ ಕ್ಯಾಪ್ಟನ್ ಕೈಗೆ ಕೊಡುತ್ತಾರೆ. ಡೀಸೆಲ್, ಊಟ, ಬಂದರು ಶುಲ್ಕ ಎಲ್ಲಾ ಅದರಿಂದ. ಕೊನೆಗೆ ರಸೀದಿ ಸಮೇತ ಲೆಕ್ಕ ಕೊಟ್ಟು, ಉಳಿದದ್ದು ವಾಪಸ್ ಕೊಡಬೇಕು. ಲೆಕ್ಕ ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಅಲ್ಲಿಯ ತೆರಿಗೆ ದರದಲ್ಲಿ ಸೇರಿದೆಯೋ ಇಲ್ಲವೋ ಅನ್ನುವುದನ್ನೂ ಬರಹದಲ್ಲಿ ತೆಗೆದುಕೊಳ್ಳಿ.

ಇಲ್ಲಿಂದ ಏಜೆನ್ಸಿ ಮೂಲಕ ವಿದೇಶ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿ ಮಾಡುವ ತೆರಿಗೆ, ಕಟ್ಟಿಸಿಕೊಳ್ಳುತ್ತಾರೆ. ಅದು ಕಳೆದುಹೋದ ಹಣ ಅಲ್ಲ. ರಿಟರ್ನ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಆದರೆ ಅಲ್ಲಿಯ ತನಕ ಕೈಯಿಂದ ಹೋಗಿರುತ್ತದೆ, ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ಪ್ರವಾಸ ರದ್ದಾದರೆ ಹಣ ಕೊಡುವಂಥ ವಿಮೆಯನ್ನೂ ಬಿಡಬೇಡಿ.

ಫಿಲ್ಟರ್_ಕಾಫಿ

ಟಿಪ್ಸ್ ಎಷ್ಟು ಕೊಡಬೇಕು ಸರ್? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ರಾಜಾಜಿನಗರ_ಲೆಕ್ಕಿಗ

ಕಡ್ಡಾಯ ಅಲ್ಲ. ಮೆಡಿಟರೇನಿಯನ್ ಕಡೆ ಬಾಡಿಗೆಯ ಶೇಕಡಾ 5ರಿಂದ 15, ಕೆರಿಬಿಯನ್‌ನಲ್ಲಿ 15ರಿಂದ 20 ಎಂದು ರೂಢಿ. ನನ್ನ ಅಭಿಪ್ರಾಯ ಕೇಳಿದರೆ, ಇಷ್ಟು ದೊಡ್ಡ ಮೊತ್ತ ಕೊಟ್ಟ ಮೇಲೆ ಮತ್ತೆ ಶೇಕಡಾ 15 ಕೇಳುವುದು ಜಾಸ್ತಿ ಆಯಿತು. ಸಂಬಳ ಕೊಡಬೇಕಾದವರು ಮಾಲೀಕರು.

ಕುಂದಾಪುರದ_ಹುಡುಗ

ಲೆಕ್ಕಿಗ ಸರ್, ಮಾಲೀಕರು ಸರಿಯಾಗಿ ಸಂಬಳ ಕೊಡಬೇಕು ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ದೋಣಿಯವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಅಪ್ಪ, ದೊಡ್ಡಪ್ಪ ಎಲ್ಲರೂ ಮೀನುಗಾರಿಕೆಯವರು. ದೊಡ್ಡಪ್ಪನ ಮಗ ಮೆಡಿಟರೇನಿಯನ್‌ನಲ್ಲಿ ಇಂಥ ಯಾಟ್‌ಗಳಲ್ಲಿ ಡೆಕ್ ಕೆಲಸ ಮಾಡುತ್ತಾನೆ. ನಾನು ಬೆಂಗಳೂರಿನಲ್ಲಿ ಎಸಿ ಆಫೀಸಿನಲ್ಲಿ ಕೂತಿದ್ದೇನೆ. ಅವನ ಫೋನ್ ಬಂದಾಗಲೆಲ್ಲಾ ನಾನು ಕೇಳುವುದು ಒಂದೇ, "ನಿದ್ದೆ ಆಯಿತಾ?"

ಅತಿಥಿಗಳು ಎದ್ದಾಗ ಕಾಫಿ ಸಿದ್ಧ ಇರಬೇಕು ಅಂದರೆ ಅವರು ಅದಕ್ಕಿಂತ ಒಂದೂವರೆ ಗಂಟೆ ಮುಂಚೆ ಏಳಬೇಕು. ಇಬ್ಬನಿ ಮತ್ತು ಉಪ್ಪು ಕೂತ ಅಟ್ಟಣೆಯನ್ನು ಸಿಹಿನೀರಿನಲ್ಲಿ ಒರೆಸಬೇಕು. ಅತಿಥಿ ಮಲಗಿದ ಮೇಲೆ ಪಾತ್ರೆ. ರಾತ್ರಿ ಗಾಳಿ ತಿರುಗಿದರೆ ಲಂಗರು ಜಾರಬಹುದು. ಆಗ ಕ್ಯಾಪ್ಟನ್ ಎದ್ದು ಕೂತಿರುತ್ತಾರೆ, ನಿಮಗೆ ಗೊತ್ತೂ ಆಗಿರುವುದಿಲ್ಲ. ಎಷ್ಟೋ ಕ್ಯಾಟಮರಾನ್‌ಗಳಲ್ಲಿ ಸಿಬ್ಬಂದಿ ಮಲಗುವುದು ದೋಣಿಯ ಮುಂದಿನ ತುದಿಯ ಗೂಡಿನಲ್ಲಿ. ಮೇಲಿನ ಮುಚ್ಚಳ ತೆಗೆದು ಏಣಿಯಲ್ಲಿ ಇಳಿಯಬೇಕು. ತೆರೆ ಬಂದರೆ ಮೊದಲ ಏಟು ಅಲ್ಲಿಗೇ. ಜಾಗ ಇಲ್ಲದ ದೋಣಿಯಲ್ಲಿ ನೀವು ಊಟ ಮಾಡುವ ಹಾಲಿನ ಸೋಫಾದ ಮೇಲೆ. ಅಂದರೆ ನೀವು ಮಾತು ಮುಗಿಸಿ ಏಳುವ ತನಕ ಅವರಿಗೆ ಹಾಸಿಗೆ ಇಲ್ಲ.

2006ರ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ಹಡಗಿನ ಕೆಲಸಗಾರರಿಗೆ ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ ಸಿಗಬೇಕು. ಸಣ್ಣ ದೋಣಿಯಲ್ಲಿ ಇಬ್ಬರೇ ಕೆಲಸಕ್ಕೆ ಇದ್ದಾಗ ಅದು ಅತಿಥಿಗಳ ಕೈಯಲ್ಲಿರುತ್ತದೆ. ಬುಕ್ ಮಾಡುವಾಗ "ಸಿಬ್ಬಂದಿ ಎಲ್ಲಿ ಮಲಗುತ್ತಾರೆ" ಎಂದು ಕೇಳಿ. ಈ ಪ್ರಶ್ನೆಗೆ ಕಂಪನಿ ಹೇಗೆ ಉತ್ತರ ಕೊಡುತ್ತದೆ ಎನ್ನುವುದರಲ್ಲೇ ಅವರು ಎಂಥವರು ಎಂದು ತಿಳಿಯುತ್ತದೆ. ಒಂದು ರಾತ್ರಿ ದಡದಲ್ಲಿ ಊಟ ಮಾಡಿ, ಅಡುಗೆಯವರಿಗೆ ಬಿಡುವು ಕೊಡಿ. ಇಂಥ ದಿನ ಬೇಕು ಎಂದು ಅವರಾಗಿ ಕೇಳಲಾರರು.

ಇನ್ನು ಕ್ಯಾಪ್ಟನ್ ಬೇಡ ಅಂದರೆ ಬೇಡ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಲ್ಲಿಸುತ್ತಾರೆ. ಮೀನು ಮರಿ ಮಾಡುವ ಕಾಲ ಎಂಬುದು ಒಂದು ಕಾರಣ, ಕಡಲು ಏಳುವ ಕಾಲ ಎಂಬುದು ಇನ್ನೊಂದು. ದುಡ್ಡು ಕೊಟ್ಟಿದ್ದೇವೆ, ಹೋಗಲೇಬೇಕು ಎಂದು ಒತ್ತಾಯ ಮಾಡುವ ಅತಿಥಿಗಳ ಕಥೆ ಅಣ್ಣ ಹೇಳುತ್ತಿರುತ್ತಾನೆ. ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ರಾಜಾಜಿನಗರ_ಲೆಕ್ಕಿಗ

ತಮ್ಮಾ, ಮಲಗುವ ಜಾಗದ ವಿಷಯ ನನಗೆ ಗೊತ್ತಿರಲಿಲ್ಲ. ಶೇಕಡಾವಾರು ಬಗ್ಗೆ ನನ್ನ ಮಾತು ಬದಲಿಲ್ಲ. ಆದರೆ ಟಿಪ್ಸ್ ಯಾರಿಗೆ ಸೇರುತ್ತದೆ ಎಂದು ಕೇಳಿ ಕೊಡಬೇಕು. ಕೆಲವು ಕಡೆ ಕ್ಯಾಪ್ಟನ್ ಕೈಗೆ ಕೊಟ್ಟರೆ ಅವರು ಎಲ್ಲರಿಗೂ ಹಂಚುತ್ತಾರೆ. ಹಾಗಿದೆಯೇ ಎಂದು ಖಚಿತ ಮಾಡಿಕೊಳ್ಳಿ.

ಸಂಜೆ_ಮಳೆ

ಕುಂದಾಪುರದ ಹುಡುಗರು ಹೇಳಿದ ಮೇಲೆ ಹೊಳೆಯಿತು. ನಮ್ಮ ದೋಣಿಯಲ್ಲಿ ರಾತ್ರಿ ಎರಡರ ತನಕ ಆ ಗುಂಪು ಕೂತಿದ್ದಾಗ, ಆ ಹುಡುಗ ಮೂಲೆಯಲ್ಲಿ ಗೋಡೆಗೆ ಒರಗಿ ಕೂತೇ ಇರುತ್ತಿದ್ದ.

ವಿಜಯನಗರದ_ಮೇಷ್ಟ್ರು

ಶೌಚಾಲಯ, ಸ್ನಾನದ ನೀರಿನ ಬಗ್ಗೆ ಯಾರಾದರೂ ಹೇಳಿ. ನಮ್ಮ ಮನೆಯಲ್ಲಿ ಮೊದಲ ಪ್ರಶ್ನೆ ಅದೇ ಬರುತ್ತದೆ.

ಬಸವನಗುಡಿ_ಪರಿಷೆ

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ದೋಣಿಯ ಟ್ಯಾಂಕ್‌ನಲ್ಲಿ ಇರುವುದು ಕೆಲವು ನೂರು ಲೀಟರ್ ಸಿಹಿನೀರು. ಕೆಲವು ದೋಣಿಯಲ್ಲಿ ಸಮುದ್ರದ ನೀರಿನ ಉಪ್ಪು ತೆಗೆಯುವ ಯಂತ್ರ ಇರುತ್ತದೆ, ಆದರೆ ಅದಕ್ಕೂ ಜನರೇಟರ್ ಓಡಬೇಕು. ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನಲ್ಲಿ ಬಿಡುವುದು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಾವ ಅರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸುವುದನ್ನು ನೋಡಿ ಕ್ಯಾಪ್ಟನ್ ತುಂಬಾ ಸಂತೋಷಪಟ್ಟರು.

ಶೌಚಾಲಯದಲ್ಲಿ ಪೈಪು ಸಣ್ಣ. ಪೇಪರ್, ಸ್ಯಾನಿಟರಿ ಪ್ಯಾಡ್ ಏನೂ ಒಳಗೆ ಹಾಕಬಾರದು. ಕಟ್ಟಿಕೊಂಡರೆ ಪಾಪ, ಬಿಚ್ಚಿ ಸರಿ ಮಾಡುವುದು ಸಿಬ್ಬಂದಿಯೇ. ನಮ್ಮಲ್ಲಿರುವ ಕೈ ಪೈಪು ಅಲ್ಲಿ ಇರುವುದಿಲ್ಲ. ಆದರೆ ಅದೇ ಪುಟ್ಟ ಕೋಣೆಯಲ್ಲಿ ಕೈಯಲ್ಲಿ ಹಿಡಿಯುವ ಶವರ್ ಇರುತ್ತದೆ, ಅದು ಸಾಕು. ಒಂದು ಸಣ್ಣ ಮಗ್ ತೆಗೆದುಕೊಂಡು ಹೋಗಿ.

ಗಟ್ಟಿ ಸೂಟ್‌ಕೇಸ್ ಬೇಡ, ಇಡಲು ಜಾಗ ಇಲ್ಲ. ಮಡಚಿಡುವಂಥ ಬಟ್ಟೆ ಬ್ಯಾಗ್ ಸಾಕು. ಚಪ್ಪಲಿ ಹತ್ತುವಾಗಲೇ ಬುಟ್ಟಿಗೆ ಹಾಕಬೇಕು. ನಮ್ಮವರಿಗೆ ಅದು ಅಭ್ಯಾಸವೇ.

ವಿಜಯನಗರದ_ಮೇಷ್ಟ್ರು

ಧನ್ಯವಾದ ತಾಯಿ. ಅಲ್ಲಿ ನೋಡಿದ್ದನ್ನು ಸ್ವಲ್ಪ ಬರೆಯಿರಿ. ಎಲ್ಲರೂ ವ್ಯವಸ್ಥೆಯ ಬಗ್ಗೆಯೇ ಹೇಳಿದಿರಿ.

ಬಸವನಗುಡಿ_ಪರಿಷೆ

ಬರೆಯುತ್ತೇನೆ ಮೇಷ್ಟ್ರೇ, ನನಗೂ ಅದೇ ಆಸೆ.

ಸೇಂಟ್ ಆನ್ ಕಡಲ ಉದ್ಯಾನದಲ್ಲಿ ಮೊಯೆನ್ ಅಂತ ಒಂದು ಪುಟ್ಟ ದ್ವೀಪ. 1962ರಲ್ಲಿ ಬ್ರೆಂಡನ್ ಗ್ರಿಮ್‌ಶಾ ಎಂಬ ಇಂಗ್ಲೆಂಡಿನ ಪತ್ರಿಕಾ ಸಂಪಾದಕರು ಅದನ್ನು 8,000 ಪೌಂಡ್‌ಗೆ ಕೊಂಡರು. ಆಗ ಅದು ಪಾಳು ಬಿದ್ದು ಕುರುಚಲು ಬೆಳೆದಿತ್ತು. ಅಲ್ಲಿಯವರೇ ಆದ ರೆನೆ ಲಾಫೋರ್ಚೂನ್ ಜೊತೆ ಸೇರಿ ಸಾವಿರಾರು ಗಿಡ ನೆಟ್ಟರು, ದೈತ್ಯ ಆಮೆಗಳನ್ನು ತಂದು ಸಾಕಿದರು. ಕೊಳ್ಳಲು ಬಂದ ಶ್ರೀಮಂತರಿಗೆ ಮಾರಲಿಲ್ಲ. 2008ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯಿತು. ಅವರು ತೀರಿಕೊಂಡಿದ್ದು 2012ರಲ್ಲಿ. ಅವರ ಸಮಾಧಿ ಅಲ್ಲೇ ಇದೆ. ಮಾವ ಅಲ್ಲಿ ತುಂಬಾ ಹೊತ್ತು ನಿಂತಿದ್ದರು. ನಿವೃತ್ತಿ ಆದ ಮೇಲೆ ನಮ್ಮ ಬೀದಿಯಲ್ಲಿ ಹೊಂಗೆ ಗಿಡ ನೆಟ್ಟು ನೀರು ಹಾಕಿದವರು ಅವರು.

ಪ್ರಾಲೀನ್‌ನಲ್ಲಿ ವಾಲೆ ದ ಮೇ ಕಾಡು. 1983ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕೊಕೊ ದ ಮೇರ್ ಅಂತ ಜೋಡಿ ತೆಂಗಿನಕಾಯಿಯಂಥ ಬೀಜ. ಜಗತ್ತಿನಲ್ಲೇ ಅತಿ ಭಾರದ ಬೀಜ ಅದು, 25 ಕಿಲೋ ತನಕ ತೂಗುತ್ತದೆ. ಸಹಜವಾಗಿ ಬೆಳೆಯುವುದು ಪ್ರಾಲೀನ್ ಮತ್ತು ಕ್ಯೂರಿಯಸ್‌ನಲ್ಲಿ ಮಾತ್ರ. ಕಾಯಿ ಬಲಿಯಲು ಆರೇಳು ವರ್ಷ ಬೇಕು. ಪರವಾನಗಿ ಪತ್ರ ಇಲ್ಲದೆ ಅದನ್ನು ದೇಶದಿಂದ ಹೊರಗೆ ತರುವಂತಿಲ್ಲ. ಕ್ಯೂರಿಯಸ್‌ನಲ್ಲಿ ದೈತ್ಯ ಆಮೆಗಳು ಬಿಡುಬೀಸಾಗಿ ಓಡಾಡಿಕೊಂಡಿವೆ. ಕುತ್ತಿಗೆ ಕೆಳಗೆ ಮೆಲ್ಲಗೆ ಸವರಿದರೆ ತಲೆ ಎತ್ತಿ ನಿಲ್ಲುತ್ತವೆ.

ಹವಳದ ಬಗ್ಗೆ ನಿಜ ಹೇಳಬೇಕು. ಜಾಹೀರಾತಿನಲ್ಲಿ ಕಾಣುವ ಬಣ್ಣ ಎಲ್ಲಾ ಕಡೆ ಇಲ್ಲ. 1998ರಲ್ಲಿ ಸಮುದ್ರ ಬಿಸಿಯಾಗಿ ಇಲ್ಲಿಯ ಹವಳದಲ್ಲಿ ಬಹುಪಾಲು ಸತ್ತುಹೋಯಿತು. ಚೇತರಿಸಿಕೊಳ್ಳುತ್ತಿರುವಾಗ 2016ರಲ್ಲಿ ಮತ್ತೆ ಬಿಳಿಚಿಕೊಂಡಿತು. ಮೀನುಗಳು ರಾಶಿ ರಾಶಿ ಇವೆ, ಕಡಲಾಮೆ ಕಂಡಿತು, ಚಪ್ಪಟೆ ತೊರಕೆ ಮೀನು ಕಂಡಿತು. ಆದರೆ ಕೆಳಗೆ ಎಷ್ಟೋ ಕಡೆ ಬೂದು ಬಣ್ಣದ ಮುರಿದ ಕೊಂಬೆಗಳು. ನಮ್ಮ ಮಗಳು ನೀರಿನಿಂದ ಮೇಲೆ ಬಂದು "ಯಾಕಮ್ಮಾ ಎಲ್ಲಾ ಮುರಿದಿದೆ?" ಎಂದು ಕೇಳಿದಳು. ಕ್ಯಾಪ್ಟನ್ ತಮ್ಮ ಚಿಕ್ಕಂದಿನಲ್ಲಿ ಅದೇ ಜಾಗದಲ್ಲಿ ನೋಡಿದ್ದನ್ನು ಅವಳಿಗೆ ಹೇಳಿದರು. ಹವಳದ ಮೇಲೆ ಕಾಲಿಡಬೇಡಿ, ಚೂರನ್ನೂ ಎತ್ತಿಕೊಂಡು ಬರಬೇಡಿ. ನಮ್ಮ ದೇಶದಲ್ಲೂ ಹವಳ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ.

ವಾಪಸ್ ಬಂದ ಮೇಲೆ ರಾಜಧಾನಿ ವಿಕ್ಟೋರಿಯಾದಲ್ಲಿ ವಿನಾಯಕನ ದೇವಸ್ಥಾನಕ್ಕೆ ಹೋದೆವು. ಅಲ್ಲಿಯ ತಮಿಳರು 1992ರಲ್ಲಿ ಕಟ್ಟಿಸಿದ್ದು, ಬಣ್ಣ ಬಣ್ಣದ ಗೋಪುರ ಇದೆ. ಅತ್ತೆಗೆ ಆ ಊರಿನಲ್ಲಿ ಗಣೇಶ ಸಿಕ್ಕಿದ್ದೇ ದೊಡ್ಡ ಸಮಾಧಾನ.

ಹಲಸೂರು_ಕೆರೆ

ಮೊದಲ ಸಲ ಹೋಗುವವರು ಇಲ್ಲೇ ಸ್ವಲ್ಪ ನೀರಿಗೆ ಒಗ್ಗಿಕೊಳ್ಳಿ. ಮೈಸೂರಿನ ಹತ್ತಿರ ಕೆಆರ್‌ಎಸ್ ಹಿನ್ನೀರಿನಲ್ಲಿ ಹಾಯಿದೋಣಿ ಕಲಿಸುತ್ತಾರೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ನಾರ್ಕೆಲಿಂಗ್ ಮಾಡಿ ಬಂದರೆ ಮಾಸ್ಕ್ ಹಾಕಿಕೊಂಡು ಉಸಿರಾಡುವ ಭಯ ಹೋಗುತ್ತದೆ, ತೆರೆಗೆ ಮೈ ಹೇಗೆ ಒಗ್ಗುತ್ತದೆ ಎನ್ನುವುದೂ ತಿಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಹೋಗಿ.

ಫಿಲ್ಟರ್_ಕಾಫಿ

ಮನೆಯಲ್ಲಿ ಮಾತಾಡಿದೆ. ಅಮ್ಮ ಒಪ್ಪಿದರು, ಜೆಟ್ಟಿ ಇರುವ ಕಡೆ ಮಾತ್ರ ಇಳಿಯುತ್ತೇನೆ ಎಂದು ಷರತ್ತು ಹಾಕಿ. ಪೂರ್ತಿ ದೋಣಿಯೇ ಹಿಡಿಯುತ್ತೇವೆ, ತಮ್ಮನ ಮನೆಯವರೂ ಬರುತ್ತಾರೆ. ನವೆಂಬರ್ ಮೊದಲ ವಾರ ಯೋಚನೆ. ಕಂಪನಿಯವರಿಗೆ ಏನೇನು ಕೇಳಲಿ ಮೇಡಂ? ಮತ್ತೆ, ಮನೆಯಿಂದ ಚಟ್ನಿಪುಡಿ, ಮಾವಿನಹಣ್ಣು, ಕರಿಬೇವು ತೆಗೆದುಕೊಂಡು ಹೋಗಬಹುದಾ?

ಬಸವನಗುಡಿ_ಪರಿಷೆ

ನವೆಂಬರ್ ಒಳ್ಳೆಯ ಸಮಯ. ಗಾಳಿ ಕಡಿಮೆ ಇದ್ದರೆ ಎಂಜಿನ್‌ನಲ್ಲೇ ಹೋಗಬೇಕಾಗಬಹುದು, ಅಮ್ಮನಿಗೆ ಅದೇ ವಾಸಿ. ಹಾಕ್ಸ್‌ಬಿಲ್ ಕಡಲಾಮೆಗಳು ಮೊಟ್ಟೆ ಇಡಲು ದಡಕ್ಕೆ ಬರುವ ಕಾಲವೂ ಹೌದು, ಅಲ್ಲಿ ಅವು ಹಗಲಲ್ಲೇ ಬರುತ್ತವೆ. ಕಂಡರೆ ದೂರ ನಿಲ್ಲಿ.

ಕ್ಯಾಪ್ಟನ್ ಯಾರು, ಆ ದೋಣಿಯಲ್ಲಿ ಎಷ್ಟು ಕಾಲದಿಂದ ಇದ್ದಾರೆ, ಅಡುಗೆಯವರ ಜೊತೆ ಮುಂಚೆ ಮಾತಾಡಬಹುದಾ, ಸಿಬ್ಬಂದಿ ಎಲ್ಲಿ ಮಲಗುತ್ತಾರೆ, ಜನರೇಟರ್ ರಾತ್ರಿ ಓಡುತ್ತದಾ, ಜೆಟ್ಟಿ ಎಲ್ಲೆಲ್ಲಿ ಇದೆ, ಅಮ್ಮ ಮಲಗುವ ಕೋಣೆಯ ಫೋಟೋ, ಮಕ್ಕಳ ಅಳತೆಯ ಲೈಫ್ ಜಾಕೆಟ್. ಇಷ್ಟು ಬರೆದು ಕಳಿಸಿ. ಸರಿಯಾಗಿ ಉತ್ತರ ಬರದಿದ್ದರೆ ಬೇರೆ ಕಂಪನಿ ನೋಡಿ.

ಮಾವಿನಹಣ್ಣು, ಕರಿಬೇವು ಬೇಡವೇ ಬೇಡ. ಹಸಿ ಹಣ್ಣು, ಸೊಪ್ಪು, ಬೀಜ ದ್ವೀಪದೊಳಗೆ ಬಿಡುವುದಿಲ್ಲ, ಅಲ್ಲಿಯ ಗಿಡಗಳಿಗೆ ರೋಗ ಬರಬಾರದು ಅಂತ. ಚಟ್ನಿಪುಡಿ ನಾವು ಅಂಗಡಿಯ ಸೀಲ್ ಇದ್ದ ಪ್ಯಾಕೆಟ್ ಒಯ್ದೆವು, ಕಸ್ಟಮ್ಸ್‌ನಲ್ಲಿ ತೋರಿಸಿದೆವು, ಬಿಟ್ಟರು. ಒಂದು ಪ್ಯಾಕೆಟ್ ಅಡುಗೆಯಾಕೆಗೇ ಕೊಟ್ಟು ಬಂದೆವು, ತುಂಬಾ ಇಷ್ಟಪಟ್ಟರು. ನಿಮಗೆ ಅವರೇ ಸಿಗುವುದಾದರೆ ಹೇಳಿ, ಇನ್ನೊಂದು ಕಳಿಸುತ್ತೇನೆ.